ನಿಸ್ತಂತು ವಿದ್ಯೆಗೊಂದು ಊರ ಕಣ

ಹೊಸ ತಳಿಯ ಬೀಜವು ಸಂಶೋಧಕರ ಕುಂಡದಲ್ಲಿ ಚೆನ್ನಾಗಿ ಮೊಳೆತ ಮಾತ್ರಕ್ಕೆ ಅದನ್ನು ರೈತನ ಕೈಗೆ ಕೊಡುವ ಪದ್ಧತಿ ನಮ್ಮ ದೇಶದಲ್ಲಿಲ್ಲ. ಎರೆನೆಲದಲ್ಲಿ ಅದು ಹೇಗೆ ಬೆಳೆಯುತ್ತದೆ, ಕೆಮ್ಮಣ್ಣಿನಲ್ಲಿ ಹೇಗೆ, ಮಳೆ ಹಿಂದಾದರೆ ಏನು ಗತಿ, ರೋಗ ಬಿದ್ದರೆ ತಾಳಿಕೊಂಡೀತೇ ಎಂಬುದನ್ನು ಬೇರೆ ಬೇರೆ ಸೀಮೆಗಳ ಹೊಲಗಳಲ್ಲಿ ಹಲವು ಸಂಸ್ಥೆಗಳ ವಿದ್ವಾಂಸರು ಕೂಡಿ ಪರೀಕ್ಷಿಸಿದ ಮೇಲೆಯೇ ಅದಕ್ಕೆ ಮನ್ನಣೆ. ೧೯೫೭ರಲ್ಲಿ ಮೆಕ್ಕೆಜೋಳದ ಅಖಿಲ ಭಾರತ ಸಮನ್ವಯ ಯೋಜನೆಯೊಡನೆ ಮೊದಲಾದ ಈ ಕ್ರಮವು ಮುಂದೆ ಹಲವು ಬೆಳೆಗಳಿಗೆ ಹಬ್ಬಿತು; ದೇಶದ ಕಣಜ ತುಂಬಿದುದರಲ್ಲಿ ಅದರ ಪಾಲು ಸಣ್ಣದಲ್ಲ. ಬೀಜಕ್ಕೆ ಸಲ್ಲಿಸಿದ ಈ ನ್ಯಾಯವನ್ನು ನಾವು ನಿಸ್ತಂತು ಸಂಪರ್ಕಕ್ಕೆ ಸಲ್ಲಿಸಿರುವೆವೇ ಎಂಬುದೇ ಇಂದಿನ ನಮ್ಮ ವಿಚಾರ.

ಮೊಬೈಲು ಫೋನು ಈಗ ಶ್ರೀಮಂತರ ಭೋಗವಸ್ತುವಾಗಿ ಉಳಿದಿಲ್ಲವೆಂಬುದು ವಾಚಕರಿಗೆ ತಿಳಿದದ್ದೇ. ಪಡಿತರದ ಅಂಗಡಿಯಲ್ಲಿ ಮುದುಕಿಯೊಬ್ಬಳ ಹೆಬ್ಬೆರಳನ್ನು ಯಂತ್ರವು ಗುರುತಿಸಬೇಕಾದರೆ ಸಂಪರ್ಕ ಬೇಕು. ಹೆರಿಗೆಯ ನೋವು ತಿನ್ನುವ ಮಗಳಿಗಾಗಿ ಮನೆಯವರು ೧೦೮ರ ವಾಹನವನ್ನು ಕರೆಯಬೇಕಾದರೆ ಸಂಪರ್ಕ ಬೇಕು. ತೊಗರಿಯ ಧಾರಣೆ ತಿಳಿಯುವುದಕ್ಕೂ, ಬಯಲಿನಲ್ಲಿ ಕಳೆ ಕೀಳುವ ಹೆಂಗಸರಿಗೆ ಸಿಡಿಲಿನ ಮುನ್ಸೂಚನೆ ಮುಟ್ಟುವುದಕ್ಕೂ ಅದೇ ಬೇಕು. ಪಟ್ಟಣದಲ್ಲಿ ಸಂಪರ್ಕ ತಪ್ಪಿದರೆ ಬೇಸರವಾದೀತು. ಹಳ್ಳಿಯಲ್ಲಿ ತಪ್ಪಿದರೆ ಕಾಳು ತಪ್ಪುತ್ತದೆ, ಕೂಲಿ ತಪ್ಪುತ್ತದೆ, ಒಮ್ಮೊಮ್ಮೆ ಪ್ರಾಣಕ್ಕೇ ಎರವಾಗುತ್ತದೆ. ಹೀಗಿರಲು, ಈ ಸಂಪರ್ಕವನ್ನು ಒದಗಿಸುವ ವಿದ್ಯೆಯು ಹಳ್ಳಿಯ ಗಾಳಿ ಬಿಸಿಲುಗಳಲ್ಲಿ ಪಕ್ವವಾಗಬೇಕೋ, ಪಟ್ಟಣದ ಕೋಣೆಗಳಲ್ಲಿ ಪಕ್ವವಾಗಿ ಕಟ್ಟಕಡೆಗೆ ಹಳ್ಳಿಗೆ ಇಳಿಯಬೇಕೋ?

ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಮೊದಲು ನಿಸ್ತಂತು ಸಂಶೋಧಕನ ಕಷ್ಟವೇನೆಂಬುದನ್ನು ತಿಳಿಯಬೇಕು. ಗಣಕಯಂತ್ರದೊಳಗೆ ಆತನು ಕಟ್ಟುವ ಮಾದರಿಯಲ್ಲಿ ಗುಡ್ಡವೆಲ್ಲ ನುಣುಪು, ಮಳೆಯೆಲ್ಲ ಒಂದೇ ಹದ, ವಿದ್ಯುತ್ತು ಎಂದೂ ಹೋಗದು. ನಿಜವಾದ ಅಲೆಗಳೋ ಗೋಡೆಗೆ ಬಡಿದು ಹಿಂದಿರುಗುತ್ತವೆ, ಒದ್ದೆಯ ಎಲೆಗಳಲ್ಲಿ ಇಂಗಿಹೋಗುತ್ತವೆ, ಮತ್ತೊಂದು ಟವರಿನ ಅಲೆಗಳೊಡನೆ ಜಗಳಾಡುತ್ತವೆ. ಆದುದರಿಂದ ನಿಜವಾದ ಪ್ರೇಷಕಗಳನ್ನೂ ಗ್ರಾಹಕಗಳನ್ನೂ ನಿಜವಾದ ನೆಲದ ಮೇಲೆ ನಿಲ್ಲಿಸಿ ನೋಡಿದಲ್ಲದೆ ಸತ್ಯ ತಿಳಿಯದು. ಆದರೆ ಅಂತಹ ಸಲಕರಣೆ ಒಂದು ಸಾಮಾನ್ಯ ಕಾಲೇಜಿನ ಶಕ್ತಿಗೆ ಮೀರಿದ್ದು. ಯಾರಾದರೊಬ್ಬರು ಸಾಹಸದಿಂದ ಕೂಡಿಸಿಕೊಂಡರೂ, ಅವರು ಕಂಡ ಫಲವನ್ನು ಮತ್ತೊಬ್ಬರು ಅದೇ ಸ್ಥಿತಿಯಲ್ಲಿ ಮರಳಿ ಪರೀಕ್ಷಿಸುವುದು ಸಾಧ್ಯವಾಗದು. ಮರಳಿ ಪರೀಕ್ಷಿಸಲಾಗದ ಫಲವು ಶಾಸ್ತ್ರವೆನ್ನಿಸದು.

ಇದಕ್ಕೆ ಲೋಕದ ವಿದ್ವಾಂಸರು ಕಂಡುಕೊಂಡ ಉಪಾಯವೇ ಎಲ್ಲರಿಗೂ ಸಮಾನವಾದ ಪರೀಕ್ಷಾಕ್ಷೇತ್ರ. ತಂತ್ರಜ್ಞರು ಟೆಸ್ಟ್‌ಬೆಡ್ ಎನ್ನುವುದು ಇದನ್ನೇ. ಊರಿಗೊಂದು ಕಣವಿದ್ದಲ್ಲಿ ಪ್ರತಿಯೊಬ್ಬನೂ ತನ್ನ ಸರದಿ ಬಂದಾಗ ರಾಶಿ ಮಾಡಿ, ಕಣವನ್ನು ಗುಡಿಸಿ, ಮುಂದಿನವನಿಗೆ ಬಿಟ್ಟುಕೊಡುತ್ತಾನಷ್ಟೆ? ಇಲ್ಲಿಯೂ ಕ್ರಮವು ಅದೇ. ಅಮೇರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದವರು ಒಂದೇ ಸಭಾಂಗಣದಲ್ಲಿ ಸಾಲಿಗೆ ೨೦ರಂತೆ ೨೦ ಸಾಲು, ಒಟ್ಟು ೪೦೦ ರೇಡಿಯೋ ಘಟಕಗಳನ್ನು ಹೂಡಿ ‘ಆರ್ಬಿಟ್’ ಎಂದು ಹೆಸರಿಟ್ಟರು. ದೂರದೇಶದ ವಿದ್ಯಾರ್ಥಿಯೂ ಅಂತರಜಾಲದ ಮೂಲಕ ವೇಳೆಯನ್ನು ಕಾದಿರಿಸಿ, ತನ್ನ ಸರದಿಯಲ್ಲಿ ಆ ಘಟಕಗಳಿಂದ ಪ್ರಯೋಗ ಮಾಡಿ, ಫಲವನ್ನು ಬರೆದುಕೊಂಡು ಬಿಡಬಹುದಾಗಿತ್ತು. ಬಡ ಕಾಲೇಜಿಗೂ ಸಿರಿವಂತ ಕಾಲೇಜಿಗೂ ಕಣ ಒಂದೇ.

ನಮ್ಮ ದೇಶವು ಈ ವಿಷಯದಲ್ಲಿ ಕಣ್ಮುಚ್ಚಿ ಕುಳಿತಿದೆಯೆಂದು ಹೇಳುವುದು ಅನ್ಯಾಯವಾದೀತು. ೨೦೧೮ರ ಮಾರ್ಚ್ ತಿಂಗಳಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯವರು ಸುಮಾರು ೨೨೪ ಕೋಟಿ ರೂಪಾಯಿಗಳ ವೆಚ್ಚದಲ್ಲಿ ಸ್ವದೇಶೀ ೫-ಜಿ ಪರೀಕ್ಷಾಕ್ಷೇತ್ರಕ್ಕೆ ಮಂಜೂರಾತಿ ಕೊಟ್ಟರು. ಮದ್ರಾಸು, ದಿಲ್ಲಿ, ಹೈದರಾಬಾದು, ಮುಂಬಯಿ, ಕಾನಪುರಗಳ ಐ.ಐ.ಟಿ.ಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ‘ಸಮೀರ್’ ಮತ್ತು ‘ಸೀವಿಟ್’ ಎಂಬ ಎಂಟು ಸಂಸ್ಥೆಗಳು ಕೂಡಿ ದುಡಿದವು. ೨೦೨೨ರ ಮೇ ೧೭ರಂದು ಪ್ರಧಾನಮಂತ್ರಿಗಳು ಅದನ್ನು ಲೋಕಾರ್ಪಣ ಮಾಡಿದರು. ಮದ್ರಾಸಿನಲ್ಲಿ ಸಮಗ್ರ ಕ್ಷೇತ್ರ, ಹೈದರಾಬಾದಿನಲ್ಲಿ ಟವರು ಹಾಗೂ ಫೋನುಗಳ ಪರೀಕ್ಷೆ, ಬೆಂಗಳೂರಿನಲ್ಲಿ ವಾಹನಗಳು ಒಂದಕ್ಕೊಂದು ಸಂದೇಶ ಕೊಡುವ ವಿದ್ಯೆ, ದಿಲ್ಲಿಯಲ್ಲಿ ಬೆಳಕಿನ ಮೂಲಕ ಸಂದೇಶ ಕಳುಹುವ ವಿದ್ಯೆ, ಕಾನಪುರದಲ್ಲಿ ಮೂಲ ಸಂಕೇತಗಳ ಸಂಸ್ಕಾರ, ಹೀಗೆ ಐದು ಕಡೆಗಳಲ್ಲಿ ಕೆಲಸ ಹಂಚಿಹೋಯಿತು. ೨೦೨೩ರ ಜನವರಿಯಲ್ಲಿ ಇಲಾಖೆಯವರು ಮಾನ್ಯತೆ ಪಡೆದ ಹೊಸ ಉದ್ಯಮಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಷದ ಮಟ್ಟಿಗೆ ಇದನ್ನು ಶುಲ್ಕವಿಲ್ಲದೆ ತೆರೆದರು. ಪರದೇಶಕ್ಕೆ ಯಂತ್ರವನ್ನು ಒಯ್ದು ಹಣ ಚೆಲ್ಲಿ ಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದವರಿಗೆ ಇದು ದೊಡ್ಡ ಉಪಕಾರ. ಸ್ವಾವಲಂಬನದ ಈ ಕಾರ್ಯವನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಮೆಚ್ಚಿದ ಬಾಯಿಂದಲೇ ಒಂದು ಕೊರತೆಯನ್ನೂ ಹೇಳಬೇಕಾಗಿದೆ. ಈ ಐದು ಕ್ಷೇತ್ರಗಳೂ ವಿದ್ಯಾಸಂಸ್ಥೆಗಳ ಆವರಣಗಳನ್ನೇ ಆಶ್ರಯಿಸಿಕೊಂಡಿವೆ. ಅಲ್ಲಿ ಕಾವಲುಂಟು, ತಂಪು ಕೋಣೆಯುಂಟು, ಕೂಗಿದಾಗ ಓಡಿಬರುವ ತಂತ್ರಜ್ಞರುಂಟು. ದೇಶದ ಜನರಲ್ಲಿ ಬಹುಪಾಲು ಇರುವಲ್ಲಿ ಇವು ಯಾವುವೂ ಇಲ್ಲ. ಪೈಲವಾನನು ಗರಡಿಯಲ್ಲಿ ಸಾಮು ಮಾಡಬೇಕಾದದ್ದು ನಿಜ; ಆದರೆ ಗರಡಿಯ ಮಣ್ಣಿನಲ್ಲಿಯೇ ಆಯುಷ್ಯ ಕಳೆದವನಿಗೆ ಜಾತ್ರೆಯ ಕುಸ್ತಿ ಒಲಿಯುವುದಿಲ್ಲ.

ಹಳ್ಳಿಯ ನೆಲದಲ್ಲಿ ಪರೀಕ್ಷಿಸಿದ ವಿದ್ಯೆಯು ಎಂತಹ ಫಲವನ್ನು ಕೊಟ್ಟೀತೆಂಬುದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ೧೯೮೪ರಲ್ಲಿ ಸ್ಥಾಪಿತವಾದ ‘ಸಿ-ಡಾಟ್’ ಸಂಸ್ಥೆಯು ಹಳ್ಳಿಗಳಿಗೆಂದೇ ೧೨೮ ಸಂಪರ್ಕಗಳ ಒಂದು ಸಣ್ಣ ಟೆಲಿಫೋನು ವಿನಿಮಯ ಕೇಂದ್ರವನ್ನು ರಚಿಸಿ, ೧೯೮೬ರ ಜುಲೈ ತಿಂಗಳಲ್ಲಿ ಮೊಟ್ಟಮೊದಲು ಅದನ್ನು ನಡೆಸಿದ್ದು ಯಾವ ಮಹಾನಗರದಲ್ಲಿಯೂ ಅಲ್ಲ. ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ವಿಲಾಯತಿಯ ಯಂತ್ರಗಳಿಗೆ ತಂಪುಗಾಳಿಯ ಕೋಣೆ ಬೇಕಾಗಿದ್ದ ಕಾಲದಲ್ಲಿ ಇದು ನಮ್ಮ ಧೂಳನ್ನೂ ಬೇಸಗೆಯನ್ನೂ ತಾಳಿಕೊಂಡು ನಡೆಯುವಂತೆ ರಚಿತವಾಗಿತ್ತು. ಮುಂದೆ ಅದೇ ಮಾದರಿಯು ದೇಶದ ಸಾವಿರಾರು ಊರುಗಳಿಗೆ ಹೋಯಿತು. ಅದಕ್ಕೂ ಅರ್ಧ ಶತಮಾನ ಹಿಂದೆ, ೧೯೩೫ರ ಸೆಪ್ಟೆಂಬರ್ ೧೦ರಂದು, ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠ್ಠಲ ವಿಹಾರ’ದ ಮನೆಯಿಂದಲೇ ೩೦ ವ್ಯಾಟಿನ ಪ್ರೇಷಕವೊಂದರಿಂದ ಬಾನುಲಿಯನ್ನು ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರು ಬಂದುದೂ ಆ ನಿಲಯದಿಂದಲೇ. ನಿಸ್ತಂತುವಿನ ಪ್ರಯೋಗವು ಕನ್ನಡದ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಈ ಎರಡು ಸಾಕ್ಷಿಗಳು ಸಾಕು.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಬೋಧಪ್ರದವಾದುದು. ೫-ಜಿಯ ಮಾನದಂಡವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ನಿರ್ಣಯಿಸುತ್ತಿದ್ದಾಗ, ಸಿರಿವಂತ ದೇಶಗಳ ಗಮನವೆಲ್ಲ ಇದ್ದುದು ರೈಲಿನಲ್ಲಿಯೂ ಮೋಟಾರಿನಲ್ಲಿಯೂ ವೇಗವಾಗಿ ಓಡುವವರ ಕಡೆಗೆ. ನಮ್ಮ ಹಳ್ಳಿಗನು ಅಷ್ಟು ವೇಗವಾಗಿ ಓಡುವವನಲ್ಲ. ಅವನ ಕಷ್ಟವಿರುವುದು ದೂರದಲ್ಲಿ. ಬೆಳಕಿನೆಳೆಯ ತಂತಿಯು ಗ್ರಾಮ ಪಂಚಾಯತಿಯ ಕಚೇರಿಯವರೆಗೆ ಬಂದರೆ, ಸುತ್ತಲಿನ ಹಳ್ಳಿಗಳು ಅಲ್ಲಿಂದ ಎರಡು ಮೂರು ಕಿಲೋಮೀಟರಿನ ಆಸುಪಾಸಿನಲ್ಲಿರುತ್ತವೆ. ಆದುದರಿಂದ ಟವರಿನಿಂದ ಟವರಿಗೆ ೬ ಕಿಲೋಮೀಟರು ಅಂತರವಿದ್ದರೂ ಸೇವೆ ಸಲ್ಲಬೇಕೆಂಬುದು ನಮ್ಮವರ ವಾದ. ಮದ್ರಾಸು, ಹೈದರಾಬಾದುಗಳ ವಿದ್ವಾಂಸರು ಈ ವಾದವನ್ನು ಮಂಡಿಸಿ, ೨೦೧೭ರಲ್ಲಿ ಒಕ್ಕೂಟದವರು ಅದನ್ನು ಗ್ರಾಮೀಣ ಪರೀಕ್ಷೆಯಲ್ಲಿ ಕಡ್ಡಾಯದ ಅಂಶವಾಗಿ ಸ್ವೀಕರಿಸುವಂತೆ ಮಾಡಿದರು. ಅದರ ಬೆನ್ನಿಗೆ ರಚಿತವಾದ ‘೫-ಜಿ-ಐ’ ಎಂಬ ಭಾರತೀಯ ಕ್ರಮವೂ ಮುಂದೆ ಜಾಗತಿಕ ಮಾನದಂಡದೊಳಗೆ ಸೇರಿತು. ತನ್ನ ಹಳ್ಳಿಯ ಅಳತೆಯನ್ನು ಕೈಯಲ್ಲಿ ಹಿಡಿದು ಮಾತನಾಡಿದಾಗ ಲೋಕದ ಸಭೆಯಲ್ಲಿ ನಮ್ಮ ಮಾತು ನಡೆಯಿತು. ಸಭೆಯಲ್ಲಿ ಗೆದ್ದ ಆ ಅಳತೆಯನ್ನು ಇನ್ನು ಹಳ್ಳಿಯ ನೆಲದ ಮೇಲೆ ಹಿಡಿದು ನೋಡಬೇಕಾಗಿದೆ.

ಯಾವ ಹಳ್ಳಿಯ ನೆಲ? ನಾವು ಸೂಚಿಸುವುದು ಔರಾದ ಸೀಮೆಯ ಡಾಬಕಾವನ್ನು. ಕರ್ನಾಟಕದ ನಕ್ಷೆಯ ನೆತ್ತಿಯಲ್ಲಿರುವ ಈ ಸೀಮೆಗೆ ಒಂದು ಬದಿಯಲ್ಲಿ ಮಹಾರಾಷ್ಟ್ರ, ಇನ್ನೊಂದು ಬದಿಯಲ್ಲಿ ತೆಲಂಗಾಣ. ಕನ್ನಡ, ಮರಾಠಿ, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಇದು ಅಭಿಮಾನದ ಮಾತಷ್ಟೇ ಅಲ್ಲ; ನಿಸ್ತಂತು ಶಾಸ್ತ್ರದ ದೃಷ್ಟಿಯಿಂದಲೂ ಇದಕ್ಕೆ ಮೂರು ಕಾರಣಗಳುಂಟು.

ಮೊದಲನೆಯದು ಗಡಿ. ದೇಶವನ್ನು ದೂರಸಂಪರ್ಕದ ೨೨ ವಲಯಗಳಾಗಿ ವಿಂಗಡಿಸಿ, ತರಂಗಾಂತರಗಳನ್ನು ವಲಯವಾರು ಹರಾಜು ಮಾಡುತ್ತಾರೆ. ಕರ್ನಾಟಕದ ವಲಯದಲ್ಲಿ ಒಬ್ಬ ಕಂಪನಿಯವನ ಕೈಯಲ್ಲಿರುವ ತರಂಗಾಂತರವು ಮಹಾರಾಷ್ಟ್ರದ ವಲಯದಲ್ಲಿ ಇನ್ನೊಬ್ಬನ ಕೈಯಲ್ಲಿರಬಹುದು. ಹರಾಜಿನ ಕಾಗದದಲ್ಲಿ ಗೆರೆ ಸ್ಪಷ್ಟ. ಅಲೆಗಳಿಗೆ ಗೆರೆ ಕಾಣುವುದಿಲ್ಲ. ಗಡಿಯಲ್ಲಿ ನಿಂತವನ ಫೋನು ಎರಡು ರಾಜ್ಯಗಳ ಟವರುಗಳ ನಡುವೆ ಓಲಾಡುವುದು ಗಡಿನಾಡಿಗರ ನಿತ್ಯದ ಅನುಭವ. ಸಿಡಿಲಿನ ಎಚ್ಚರಿಕೆಯು ನೆರೆರಾಜ್ಯದ ಟವರಿನಿಂದ ಬಂದರೆ ಅದು ಯಾವ ಭಾಷೆಯಲ್ಲಿ ಬರಬೇಕು, ೧೦೮ರ ಕರೆಯು ಯಾವ ರಾಜ್ಯದ ಕೇಂದ್ರಕ್ಕೆ ಹೋಗಬೇಕು ಎಂಬ ಪ್ರಶ್ನೆಗಳು ಇಲ್ಲಿ ಜೀವನ್ಮರಣದ ಪ್ರಶ್ನೆಗಳು. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ಎಂಬ ಮೂರು ವಲಯಗಳು ಕೂಡುವ ಈ ಮೂಲೆಯ ಸಮಸ್ಯೆಯನ್ನು ಬೆಂಗಳೂರಿನಲ್ಲಿಯಾಗಲಿ ಮದ್ರಾಸಿನಲ್ಲಿಯಾಗಲಿ ಕೃತಕವಾಗಿ ಕಟ್ಟಲಾಗದು.

ಎರಡನೆಯದು ಹೊಲ. ೭೦೦ ಮೆಗಾಹರ್ಟ್ಸಿನ ಅಲೆಯ ಉದ್ದ ಹೆಚ್ಚುಕಡಿಮೆ ಒಂದು ಮೊಳ. ೨೬ ಗಿಗಾಹರ್ಟ್ಸಿನ ಅಲೆಯ ಉದ್ದವೋ ಎರಡು ತೊಗರಿಕಾಳುಗಳನ್ನು ಜೋಡಿಸಿಟ್ಟಷ್ಟು. ೨೦೨೨ರ ಹರಾಜಿನಲ್ಲಿ ಈ ಎರಡೂ ಮಾರಾಟವಾದವು. ಉದ್ದನೆಯ ಅಲೆಯು ದೂರ ಹೋಗುತ್ತದೆ, ಅಡ್ಡಿಗಳನ್ನು ಬಳಸಿಕೊಂಡು ಸಾಗುತ್ತದೆ, ಆದರೆ ಹೊರುವ ಹೊರೆ ಕಡಿಮೆ. ಗಿಡ್ಡನೆಯ ಅಲೆಯು ಬಹಳ ಹೊರುತ್ತದೆ, ಆದರೆ ಎಲೆ ಅಡ್ಡ ಬಂದರೂ, ಜೋರು ಮಳೆ ಬಿದ್ದರೂ ಸೊರಗುತ್ತದೆ. ಆಷಾಢದಲ್ಲಿ ಬರಿಯ ನೆಲ, ಭಾದ್ರಪದದಲ್ಲಿ ಸೊಂಟದೆತ್ತರದ ಸೋಯಾ, ಕಾರ್ತಿಕದಲ್ಲಿ ಆಳೆತ್ತರದ ತೊಗರಿ, ಚೈತ್ರದಲ್ಲಿ ಬಿರುಬಿಸಿಲು: ಇವುಗಳಲ್ಲಿ ಯಾವ ಅಲೆಯು ಎಷ್ಟು ದೂರ ಸಲ್ಲುತ್ತದೆಂಬ ಲೆಕ್ಕವನ್ನು ವರ್ಷಗಟ್ಟಲೆ ಒಂದೇ ಸ್ಥಳದಲ್ಲಿ ಬರೆದಿಡತಕ್ಕದ್ದು.

ಮೂರನೆಯದು ನೆರೆಹೊರೆ. ಹೈದರಾಬಾದಿನ ಐ.ಐ.ಟಿ.ಯೆಂದು ಕರೆಯಿಸಿಕೊಳ್ಳುವ ಸಂಸ್ಥೆಯಿರುವುದು ಸಂಗಾರೆಡ್ಡಿ ಜಿಲ್ಲೆಯ ಕಂದಿಯಲ್ಲಿ. ಆ ಜಿಲ್ಲೆಯು ಬೀದರಿಗೆ ತಾಕಿಕೊಂಡೇ ಇದೆ. ಬೀದರಿನಲ್ಲಿ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜುಂಟು, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯುಂಟು, ಬೀದರಿನಲ್ಲಿಯೇ ಪಶುವೈದ್ಯಕೀಯ ವಿಶ್ವವಿದ್ಯಾನಿಲಯವೂ ಉಂಟು. ದನಕರುಗಳ ಕೊರಳಿಗೆ ಸಂವೇದಕ ಕಟ್ಟಿ ರೋಗವನ್ನು ಮೊದಲೇ ತಿಳಿಯುವ ಪ್ರಯೋಗಕ್ಕೆ ಇವರೆಲ್ಲ ಕೂಡಬಲ್ಲರು. ಕಂದಿಯ ವಿದ್ಯೆ, ಬೆಂಗಳೂರಿನ ವಿದ್ಯೆ, ಬೀದರಿನ ತರುಣರ ಶ್ರಮ ಮೂರೂ ಸೇರುವ ಸಂಧಿಸ್ಥಾನ ಇದು.

ಇದು ಹಗಲುಗನಸೆಂದು ನಗುವವರು ಅಮೇರಿಕದ ಕಡೆಗೆ ಒಮ್ಮೆ ನೋಡಲಿ. ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದವರೂ ಉದ್ಯಮಿಗಳೂ ಕೂಡಿ ಹತ್ತು ಕೋಟಿ ಡಾಲರುಗಳ ಯೋಜನೆಯೊಂದರಲ್ಲಿ ನಾಲ್ಕು ಪರೀಕ್ಷಾಕ್ಷೇತ್ರಗಳನ್ನು ಹೊರಾಂಗಣದಲ್ಲಿ ಕಟ್ಟಿದರು. ಸಾಲ್ಟ್ ಲೇಕ್ ನಗರ, ನ್ಯೂಯಾರ್ಕಿನ ಹಾರ್ಲೆಂ, ರಾಲೀ ಇವು ಮೂರಾದ ಮೇಲೆ ೨೦೨೧ರಲ್ಲಿ ನಾಲ್ಕನೆಯದಕ್ಕೆ ಅವರು ಆರಿಸಿದ್ದು ಅಯೋವಾ ಪ್ರಾಂತದ ಮೆಕ್ಕೆಜೋಳ ಸೋಯಾಗಳ ಹೊಲಗಳನ್ನು. ನಮ್ಮಲ್ಲಿಯೂ ಮುಂಬಯಿ ಐ.ಐ.ಟಿ.ಯವರು ಪಾಲಘರ ಜಿಲ್ಲೆಯ ಹಳ್ಳಿಗಳಲ್ಲಿ ದೂರದರ್ಶನದ ಖಾಲಿ ತರಂಗಾಂತರಗಳಿಂದ ಅಂತರಜಾಲ ಮುಟ್ಟಿಸುವ ಪ್ರಯೋಗ ಮಾಡಿದರು; ಅದಕ್ಕೂ ಮೊದಲು ಕಾನಪುರದವರು ಗಂಗೆಯ ಬಯಲಿನಲ್ಲಿ ಎತ್ತರದ ಕಂಬಗಳನ್ನು ನೆಟ್ಟು ಅಗ್ಗದ ವೈ-ಫೈ ಸಲಕರಣೆಯಿಂದ ದೂರದೂರದ ಊರುಗಳನ್ನು ಬೆಸೆದು ತೋರಿಸಿದರು. ಆದರೆ ಇವು ಒಂದೊಂದು ಸಂಸ್ಥೆಯ ಸಾಹಸಗಳು. ಎಲ್ಲರಿಗೂ ತೆರೆದ, ಎಂದೆಂದಿಗೂ ನಿಲ್ಲುವ ಊರ ಕಣವೇ ನಮಗೆ ಈಗ ಬೇಕಾದದ್ದು.

ಕಾನೂನಿನ ಅಡ್ಡಿಯುಂಟೆಂದು ಕೆಲವರು ಹೇಳಿಯಾರು. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ೧೮೮೫ರ ತಂತಿ ಕಾನೂನನ್ನೂ ೧೯೩೩ರ ನಿಸ್ತಂತು ಕಾನೂನನ್ನೂ ಪರಕೀಯ ಸರಕಾರದವರು ಮಾಡಿದ್ದು ಪ್ರಜೆಯ ಕೈಗೆ ಅಲೆಗಳು ಸಿಕ್ಕದಿರಲೆಂದು. ೧೯೪೨ರಲ್ಲಿ ಉಷಾ ಮೆಹತಾ ಅವರೂ ಅವರ ಸಂಗಡಿಗರೂ ಮುಂಬಯಿಯಲ್ಲಿ ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿ ಸೆರೆಮನೆ ಸೇರಿದ್ದನ್ನು ದೇಶ ಮರೆತಿಲ್ಲ. ಆ ಹಳೆಯ ಕಾನೂನುಗಳ ಸ್ಥಾನದಲ್ಲಿ ೨೦೨೩ರ ದೂರಸಂಪರ್ಕ ಅಧಿನಿಯಮವು ರಚಿತವಾಯಿತು. ಹೊಸ ಪ್ರಯೋಗಗಳಿಗೆ ನಿಯಮಗಳ ಬಿಗಿಯನ್ನು ಸಡಿಲಿಸುವ ಅವಕಾಶವನ್ನು ಅದರಲ್ಲಿಯೇ ಇಟ್ಟಿದ್ದಾರೆ. ಅಲ್ಲದೆ ೨೦೨೪ರ ಮಾರ್ಚಿನಲ್ಲಿ ದೂರಸಂಪರ್ಕ ಇಲಾಖೆಯವರು ‘ನಿಸ್ತಂತು ಪರೀಕ್ಷಾ ವಲಯ’ಗಳ ಮಾರ್ಗಸೂಚಿಯನ್ನು ಹೊರಡಿಸಿ, ನಗರದ ವಲಯ, ದೂರಪ್ರದೇಶದ ವಲಯ ಎಂದು ಎರಡು ಬಗೆಗಳನ್ನು ಹೇಳಿದರು. ಅಂತಹ ವಲಯದೊಳಗೆ ಹಲವು ತರಂಗಾಂತರಗಳನ್ನು ಪ್ರಯೋಗಕ್ಕಾಗಿ ಬಳಸಬಹುದು. ವಿದ್ಯಾಸಂಸ್ಥೆಗಳೂ ಸಂಶೋಧನಾಲಯಗಳೂ ಇದರಲ್ಲಿ ಪಾಲುಗೊಳ್ಳಬಹುದು. ಬಾಗಿಲು ತೆರೆದಿದೆ, ಹೊಸ್ತಿಲು ದಾಟುವವರು ಬೇಕು.

ಆದುದರಿಂದ ನಾವು ಕೇಳುವುದೇನೆಂದರೆ: ಕರ್ನಾಟಕ ಸರಕಾರದವರು ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಬೀದರ ಭಾಲ್ಕಿಗಳ ಕಾಲೇಜುಗಳನ್ನೂ ಮುಂದಿಟ್ಟುಕೊಂಡು ಡಾಬಕಾ ಸೀಮೆಯನ್ನು ದೂರಪ್ರದೇಶದ ಪರೀಕ್ಷಾ ವಲಯವನ್ನಾಗಿ ಮಾಡಿಸಿಕೊಳ್ಳಲಿ. ನೆರೆಯ ಎರಡು ರಾಜ್ಯಗಳ ಒಪ್ಪಿಗೆಯನ್ನೂ ಕೇಳಲಿ, ಏಕೆಂದರೆ ಗಡಿಯ ವ್ಯಾಧಿಗೆ ಒಂದೇ ಬದಿಯ ಮದ್ದು ನಾಟದು. ಮುಗಿಲೆತ್ತರದ ಒಂದು ಗೋಪುರ ಬೇಡ. ಪಂಚಾಯತಿಯ ಮಾಳಿಗೆ, ಶಾಲೆ, ಆರೋಗ್ಯ ಕೇಂದ್ರ, ಹೊಲದ ಅಂಚು, ಹೀಗೆ ಐದಾರು ಕಡೆ ಸಣ್ಣ ಘಟಕಗಳು ಸಾಕು. ಹಣದ ಮಾತಿಗೆ, ಈ ಭಾಗದ ಹಿಂದುಳಿದಿರುವಿಕೆಯನ್ನು ನೀಗಿಸಲೆಂದೇ ಸಂವಿಧಾನದ ೩೭೧(ಜೆ) ವಿಧಿಯೂ ಅದರ ಅನ್ವಯ ರಚಿತವಾದ ಪ್ರದೇಶಾಭಿವೃದ್ಧಿ ಮಂಡಳಿಯೂ ಇವೆ. ಕಟ್ಟಡಕ್ಕೆ ಹಣ ಕೊಟ್ಟು ನಿರ್ವಹಣೆಗೆ ಕೊಡದಿರುವುದು ನಮ್ಮ ಸರಕಾರಗಳ ಹಳೆಯ ಚಾಳಿ. ಹತ್ತು ವರ್ಷಗಳ ನಿರ್ವಹಣೆಯ ಹಣವನ್ನು ಮೊದಲ ದಿನವೇ ಬೇರೆ ತೆಗೆದಿಡತಕ್ಕದ್ದು.

ಕಣಕ್ಕೆ ಕಟ್ಟಳೆಗಳೂ ಬೇಕು. ಸರದಿಯ ಪಟ್ಟಿ ಬಹಿರಂಗವಾಗಿರಲಿ. ಸರಕಾರಿ ಕಾಲೇಜಿನ ವಿದ್ಯಾರ್ಥಿಗೆ ಶುಲ್ಕ ಬೇಡ. ಕಂಡ ಫಲವನ್ನು, ಸೋತ ಪ್ರಯೋಗಗಳ ಸಹಿತವಾಗಿ, ಎಲ್ಲರೂ ಓದುವಂತೆ ಪ್ರಕಟಿಸಲಿ. ಹಳ್ಳಿಗರ ಫೋನಿನ ಮಾತನ್ನಾಗಲಿ ಓಡಾಟದ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಯಾರೂ ಬರೆದುಕೊಳ್ಳಕೂಡದು. ಗ್ರಾಮಸಭೆಯಲ್ಲಿ ಪ್ರತಿ ಪ್ರಯೋಗವನ್ನೂ ಮುಂಚಿತವಾಗಿ ತಿಳಿಸಬೇಕು. ತಿಳಿಸುವುದು ಜನರ ಮಾತಿನಲ್ಲಿ. ನಿಜಾಮನ ಆಳಿಕೆಯಲ್ಲಿ ಕನ್ನಡ ಶಾಲೆಗೆ ಎಡೆಯಿಲ್ಲದಾಗ, ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸೀಮೆಯಿದು. ಇಂದು ಫಲಕಕ್ಕೆ ಅಡ್ಡಿಯಿಲ್ಲ. ಆದರೆ ಯಂತ್ರಗಳ ಕೈಪಿಡಿಯೆಲ್ಲ ಇಂಗ್ಲೀಷಿನಲ್ಲಿಯೇ ಇದ್ದರೆ ಔರಾದಿನ ಐ.ಟಿ.ಐ. ಓದಿದ ಹುಡುಗನು ತನ್ನೂರಿನ ಕಣಕ್ಕೆ ಕಾವಲುಗಾರನಾಗಿಯೇ ಉಳಿದಾನು. ಅವನು ಯಂತ್ರವನ್ನು ಬಿಚ್ಚಿ ಕೂಡಿಸಬಲ್ಲವನಾಗಬೇಕು.

ಟವರಿನ ಕಿರಣಗಳ ಭಯವನ್ನು ಆಡಿಕೊಳ್ಳುವವರೂ ಉಂಟು. ಅದನ್ನು ಮೌಢ್ಯವೆಂದು ತಳ್ಳಿಹಾಕುವುದು ನಮಗೆ ಸರಿದೋರದು. ೨೦೧೨ರಲ್ಲಿ ನಮ್ಮ ಸರಕಾರವು ಟವರುಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲಿಗೆ ಇಳಿಸಿತು. ಪರೀಕ್ಷಾಕ್ಷೇತ್ರದಲ್ಲಿ ಅಳೆಯುವ ಯಂತ್ರಗಳು ಸದಾ ಇರುವುದರಿಂದ, ಆ ಅಳತೆಯನ್ನು ಪಂಚಾಯತಿಯ ಗೋಡೆಯ ಮೇಲೆ ತಿಂಗಳು ತಿಂಗಳೂ ಬರೆದು ಹಾಕಲಿ. ಗುಟ್ಟಿದ್ದಲ್ಲಿ ಭಯ ಬೆಳೆಯುತ್ತದೆ; ಲೆಕ್ಕ ಕಣ್ಣೆದುರಿಗಿದ್ದರೆ ಜನರೇ ವಿಚಾರ ಮಾಡುತ್ತಾರೆ.

೧೯೪೮ರ ಸೆಪ್ಟೆಂಬರ್ ೧೭ರಂದು ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಬೀದರವು ಕನ್ನಡ ರಾಜ್ಯಕ್ಕೆ ಸೇರಿತು. ಅಂದಿನಿಂದಲೂ ಈ ಸೀಮೆಗೆ ಬಂದ ಪ್ರತಿಯೊಂದು ಅನುಕೂಲವೂ ಬೇರೆ ಕಡೆಗಳಲ್ಲಿ ಹಳತಾದ ಮೇಲೆಯೇ ಬಂದಿದೆಯೆಂಬ ಕೊರಗು ಇಲ್ಲಿಯ ಜನರಲ್ಲಿದೆ. ಈಗ ದೇಶ ವಿದೇಶಗಳ ವಿದ್ವಾಂಸರು ಆರನೆಯ ಪೀಳಿಗೆಯ, ಅಂದರೆ ೬-ಜಿಯ, ಮಾನದಂಡಕ್ಕೆ ತೊಡಗಿದ್ದಾರೆ. ನಮ್ಮ ಕೇಂದ್ರ ಸರಕಾರವೂ ೨೦೨೩ರ ಮಾರ್ಚಿನಲ್ಲಿ ಅದರ ಧ್ಯೇಯಪತ್ರವನ್ನು ಪ್ರಕಟಿಸಿತು. ಮಾನದಂಡ ಮುಗಿದ ಮೇಲೆ ನಮ್ಮ ಅಳತೆಯನ್ನು ಕೇಳುವವರಿಲ್ಲ. ಬರುವ ಮುಂಗಾರಿಗೆ ಮೊದಲೇ ಕೆಲಸ ಹಿಡಿದರೆ, ಬೆಳೆ ಏಳುವುದಕ್ಕೆ ಮುನ್ನ ಒಂದು ಲೆಕ್ಕ, ಬೆಳೆ ನಿಂತಾಗ ಒಂದು ಲೆಕ್ಕ ಕೈಗೆ ಸಿಕ್ಕೀತು. ಬೀದರದ ಶಾಸಕರೂ ಲೋಕಸಭಾ ಸದಸ್ಯರೂ ಪಕ್ಷಭೇದವನ್ನು ಬದಿಗಿಟ್ಟು ಇದನ್ನು ಬೆಂಗಳೂರಿನಲ್ಲಿಯೂ ದಿಲ್ಲಿಯಲ್ಲಿಯೂ ಎತ್ತತಕ್ಕದ್ದು. ಕಾಲೇಜುಗಳ ಅಧ್ಯಾಪಕರು ಸರಕಾರದ ಆಜ್ಞೆಗೆ ಕಾಯದೆ ಯೋಜನೆಯ ಕರಡನ್ನು ಇಂದೇ ಬರೆಯಲು ಕುಳಿತುಕೊಳ್ಳಲಿ.